ಏಳು ಹೊಲ, ಒಂದು ಬಟ್ಟಲು

ಸೊಲ್ಲಾಪುರದ ದವಾಖಾನೆಯಿಂದ ನನ್ನ ಅಜ್ಜ ಮುತ್ಯಾ ಮನೆಗೆ ಬಂದಾಗ ಅವನ ಜೊತೆ ಒಂದು ಶೀಶೆ ಗುಳಿಗೆ ಬಂತು, ಒಂದು ಹಾಳೆಯೂ ಬಂತು. ಗುಳಿಗೆ ಅವನಿಗೆ. ಹಾಳೆ ಇಂಗ್ಲಿಷಿನಲ್ಲಿದ್ದುದರಿಂದ ನನ್ನ ಪಾಲಿಗೆ ಬಿತ್ತು. ನಮ್ಮ ಮನೆಯಲ್ಲಿ ಅಪ್ಪ ಉರ್ದು ಓದುತ್ತಿದ್ದರು, ಕಾಕಾ ಮರಾಠಿ ಓದುತ್ತಿದ್ದರು, ನನ್ನ ಅಜ್ಜಿ ಆಯಿ ಮನುಷ್ಯರ ಮುಖ ಓದುತ್ತಿದ್ದಳು. ಇಂಗ್ಲಿಷ್ ನನ್ನೊಬ್ಬಳಿಗೇ ಬರುತ್ತಿತ್ತು. ಹೈದರಾಬಾದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿ ನಮ್ಮೂರು ದಾಳಿಂಬಕ್ಕೆ ಮರಳಿ ಆಗ ಆರು ತಿಂಗಳಾಗಿತ್ತು. ನಮ್ಮ ಉಮರ್ಗಾ ತಾಲ್ಲೂಕು ಹೈದರಾಬಾದನ್ನು ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿ ಒಂದು ವರ್ಷವಾಗಿತ್ತು. "ನಮ್ಮ ಹುಡುಗಿ ಡಿಗ್ರಿ ಒಂದ ರಾಜ್ಯದಾಗ ತಗೊಂಡಾಳ, ಕೆಲಸಾ ಇನ್ನೊಂದ ರಾಜ್ಯದಾಗ ಹುಡಕಬೇಕು" ಎಂದು ಮುತ್ಯಾ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಕೆಲಸ ಸಿಗುವವರೆಗೆ ಅವನೇ ನನ್ನ ಕೆಲಸವಾದ.

ಅವನಿಗೆ ಆದದ್ದು ಇಷ್ಟು. ಗಣೇಶ ಚೌತಿಯ ಹೊತ್ತಿಗೆ ಬಂಡಿಯಿಂದ ಇಳಿಯುವಾಗ ಜಾರಿ ಎಡಗಾಲಿನ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿ ಮಲಗಿಸಿದರು. ಪ್ಲಾಸ್ಟರ್ ತೆಗೆದ ಮೇಲೆ ಕಾಲು ಕುಂಬಳಕಾಯಿಯಂತೆ ಬಾತಿತು. ಎಲುಬು ಕೂಡಿತ್ತು, ಆದರೆ ಅಷ್ಟು ದಿನ ಅಲುಗಾಡದೆ ಮಲಗಿದ್ದಕ್ಕೆ ಕಾಲಿನ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿತ್ತು. ಹೆಪ್ಪು ಅಲ್ಲಿಯೇ ಇದ್ದರೆ ಕಾಲಿಗೆ ತೊಂದರೆ, ಮೇಲಕ್ಕೆದ್ದು ಎದೆಗೆ ಹೋದರೆ ಜೀವಕ್ಕೆ ತೊಂದರೆ. ಅದಕ್ಕಾಗಿ ರಕ್ತ ತೆಳ್ಳಗಾಗಿಸುವ ಗುಳಿಗೆ, ದಿನಕ್ಕೊಂದು, ಸಂಜೆ ಊಟಕ್ಕೆ ಮುಂಚೆ.

ಹಾಳೆಯಲ್ಲಿ ನಾಲ್ಕು ಸಾಲುಗಳಿದ್ದವು. ಹಸಿರು ಸೊಪ್ಪು ದಿನವೂ ಒಂದೇ ಅಳತೆಯಲ್ಲಿರಲಿ ಎಂಬುದು ಮೊದಲನೆಯದು. ನೋವಿನ ಪುಡಿ ಗುಳಿಗೆ ಯಾವುದನ್ನೂ ಕೇಳದೆ ಕೊಡಬೇಡಿ ಎಂಬುದು ಎರಡನೆಯದು. ಕಾಲು ತಿಕ್ಕಬೇಡಿ. ಜ್ವರ ಅಥವಾ ಭೇದಿ ಬಂದರೆ ಕೂಡಲೇ ತಿಳಿಸಿ. ಪಡಸಾಲೆಯಲ್ಲಿ ಎಲ್ಲರ ಮುಂದೆ ನಿಂತು ನಾನು ಇದನ್ನು ಸರಿಯಾಗಿಯೇ ಓದಿದೆ, ಸರಿಯಾಗಿಯೇ ಕನ್ನಡಕ್ಕೆ ತಂದೆ. ತಪ್ಪಾದದ್ದು ಆಮೇಲೆ.

ಆಯಿ ಕೇಳಿದಳು: "ಅಂದರ, ಪಲ್ಯಾ ಪರಹೇಜ ಅಂದಂಗಾಯ್ತು?"

ಪಲ್ಯಾ ಎಂದರೆ ನಮ್ಮ ಕಡೆ ಸೊಪ್ಪು, ಪರಹೇಜ ಎಂದರೆ ಪಥ್ಯ. ಕಾಮಾಲೆಯಾದರೆ ಎಣ್ಣೆ ಬಿಡಿಸುತ್ತಾರೆ, ಕೆಮ್ಮಾದರೆ ಮೊಸರು ಬಿಡಿಸುತ್ತಾರೆ, ಬಾಣಂತಿಗೆ ಯಾವುದನ್ನು ಬಿಡಿಸುವುದಿಲ್ಲ ಎಂದು ಕೇಳುವುದೇ ಸುಲಭ. ಏನನ್ನೂ ಬಿಡಿಸದ ವೈದ್ಯ ವೈದ್ಯನೇ ಅಲ್ಲ. ಆಯಿಯ ಪ್ರಶ್ನೆಗೆ ಅಲ್ಲ ಎನ್ನಬೇಕಿತ್ತು. ನಾನು ಒಂದು ಕ್ಷಣ ಯೋಚಿಸಿದೆ. ಸೊಪ್ಪಿನಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಸತ್ವವಿರುತ್ತದೆ ಎಂದು ಎಲ್ಲೋ ಓದಿದ್ದು ನೆನಪಿಗೆ ಬಂತು. ಹಾಗಾದರೆ ಕಡಿಮೆಯಾದಷ್ಟೂ ಒಳ್ಳೆಯದಲ್ಲವೆ?

"ಬಿಟ್ಟರ ಇನ್ನೂ ಛಲೋ" ಎಂದೆ.

ಇದಕ್ಕೆ ಇನ್ನೊಂದು ಕಾರಣವಿರಬಹುದು ಎಂದು ಈಗ ಅನ್ನಿಸುತ್ತದೆ. ನನಗೇ ಸೊಪ್ಪೆಂದರೆ ಆಗುತ್ತಿರಲಿಲ್ಲ. ಮೆಂತ್ಯದ ಎಲೆಗಳನ್ನು ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುವುದು ನನ್ನ ಹಳೆಯ ರೂಢಿ. "ಡಿಗ್ರಿ ಬಂತು, ಪಲ್ಯಾ ತಿನ್ಲಾಕ ಬರಲಿಲ್ಲ" ಎಂದು ಆಯಿ ಅದನ್ನು ನೋಡಿದಾಗಲೆಲ್ಲ ಹೇಳುತ್ತಿದ್ದಳು. ಸೊಪ್ಪು ಬಿಡುವುದು ಕಷ್ಟವೆಂದು ನನಗೆ ಹೊಳೆಯಲೇ ಇಲ್ಲ.

ಮನೆಯಲ್ಲಿ ಸೊಪ್ಪು ನಿಂತಿತು. ಮುತ್ಯಾನೊಬ್ಬನೇ ಬಿಡುವುದು ಸರಿಯಲ್ಲವೆಂದು ಆಯಿ ಬಿಟ್ಟಳು, ಆಯಿ ಬಿಟ್ಟಳೆಂದು ಅವ್ವ ಬಿಟ್ಟಳು. ಪುಂಡಿಪಲ್ಯ, ರಾಜಗಿರಿ, ಮೆಂತ್ಯ ಮಾರುವವರು ನಮ್ಮ ಬಾಗಿಲಲ್ಲಿ ಕೂಗುವುದನ್ನು ನಿಲ್ಲಿಸಿದರು. ಮುತ್ಯಾ ಬೇಳೆ ರೊಟ್ಟಿ ತಿನ್ನುತ್ತ, "ದಿನಾ ತೊಗರಿ ತಿಂದು ತಿಂದು ನಾನೂ ಒಂದ ತೊಗರಿ ಗಿಡಾ ಆಗ್ಲಾಕತ್ತೀನಿ" ಎನ್ನುತ್ತಿದ್ದ. ಆದರೆ ಮಾತು ಮೀರಲಿಲ್ಲ. ಓದಿದ ಮೊಮ್ಮಗಳು ಹೇಳಿದ್ದಲ್ಲವೆ.

ಮೂರನೆಯ ವಾರದ ಭಾನುವಾರ ಬೆಳಿಗ್ಗೆ ಕ್ಷೌರದವನು ಬಂದ. ನಲವತ್ತು ವರ್ಷದಿಂದ ಮುತ್ಯಾನ ಗಡ್ಡ ಕೆರೆದವನು. ಕತ್ತಿ ಗಲ್ಲದ ಕೆಳಗೆ ಎಳ್ಳುಕಾಳಿನಷ್ಟು ತಾಗಿತು. ಅವನು ಪಟಿಕದ ಕಲ್ಲು ಒತ್ತಿದ. ರಕ್ತ ನಿಲ್ಲಲಿಲ್ಲ. ಮತ್ತೆ ಒತ್ತಿದ. ಮೂರನೆಯ ಸಲ ಒತ್ತಿ, ಹೆಗಲ ಮೇಲಿನ ವಸ್ತ್ರವನ್ನೂ ಅದರ ಮೇಲೆ ಹಿಡಿದ.

"ನಾ ಏನೂ ಮಾಡಿಲ್ಲ ಮುತ್ಯಾ, ದೇವರಾಣಿ. ಜರಾ ತಾಗ್ಯಾದ ಅಷ್ಟೇ."

"ನಲವತ್ತ ವರ್ಷ ಕಾಯ್ಕೊಂತ ಕುಂತಿದ್ದಿ, ಇವತ್ತ ನನ್ನ ಕುತ್ತಿಗಿ ಕೊಯ್ದೇ ಬಿಟ್ಟಿ ನೋಡು" ಎಂದು ಮುತ್ಯಾ ನಕ್ಕ. ನಗುವಾಗ ನೋಡಿದೆ, ಹಲ್ಲಿನ ಸಂದುಗಳಲ್ಲೂ ರಕ್ತವಿತ್ತು. ಬೇವಿನ ಕಡ್ಡಿ ತಿಕ್ಕಿದ್ದಕ್ಕೆ ಬಂದಿರಬೇಕು, ಎರಡು ದಿನದಿಂದ ಹೀಗೇ ಬರುತ್ತಿದೆ, ಇದನ್ನೇನು ಹೇಳುವುದು ಎಂದ.

ಅಂದೇ ಸೊಲ್ಲಾಪುರದ ಬಸ್ಸು ಹತ್ತಿದೆವು, ಅಪ್ಪ, ಆಯಿ, ಮುತ್ಯಾ ಮತ್ತು ನಾನು. ಮುತ್ಯಾ ಗಲ್ಲಕ್ಕೆ ಬಿಳಿ ಪಟ್ಟಿ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಮದುಮಗನಂತೆ ಕುಳಿತಿದ್ದ.

ರಕ್ತ ಪರೀಕ್ಷೆ ಮಾಡುವ ಕೋಣೆಯಲ್ಲಿ ಒಬ್ಬರು ಗಾಜಿನ ನಳಿಗೆಯಲ್ಲಿ ರಕ್ತದ ತಿಳಿ ತೆಗೆದುಕೊಂಡು, ಅದಕ್ಕೆ ಇನ್ನೊಂದು ದ್ರವ ಬೆರೆಸಿ, ಗಡಿಯಾರ ಒತ್ತಿ, ಹೆಪ್ಪುಗಟ್ಟುವವರೆಗೆ ಕ್ಷಣಗಳನ್ನು ಎಣಿಸುತ್ತಿದ್ದರು. ಗುಳಿಗೆ ತೆಗೆದುಕೊಳ್ಳುವವರಿಗೆ ಅದು ಸಾಮಾನ್ಯರಿಗಿಂತ ಎರಡು ಪಟ್ಟು ಹೊತ್ತು ಹಿಡಿಯಬೇಕು. ಮುತ್ಯಾನ ರಕ್ತ ಎರಡು ಪಟ್ಟನ್ನು ದಾಟಿತು, ಮೂರನ್ನೂ ದಾಟಿತು. ಎಣಿಸುವವರು ಗಡಿಯಾರದಿಂದ ತಲೆಯೆತ್ತಿ ನಮ್ಮನ್ನು ನೋಡಿದರು.

ಡಾಕ್ಟರು ಸೊಲ್ಲಾಪುರದವರೇ, ಕನ್ನಡ ಮಾತಾಡುವವರು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಇದನ್ನ ಯಾರು ಓದಿದ್ರಿ?"

"ನಾನೇ ರೀ."

"ಮೊದಲನೇ ಸಾಲಿನಾಗ ಏನ ಬರದೀನಿ?"

ಓದಿದೆ.

"ಬಿಡ್ರಿ ಅಂತ ಬರದೀನೇನು?"

ಇಲ್ಲ ಎಂದೆ. ಪರೀಕ್ಷೆಯಲ್ಲಿ ಪ್ರಶ್ನೆ ಸರಿಯಾಗಿ ಓದದೆ ಉತ್ತರ ಬರೆದಾಗ ಆಗುವ ಹಾಗಾಯಿತು. ಇಲ್ಲಿ ಕಳೆದದ್ದು ಅಂಕವಲ್ಲ ಎಂಬುದಷ್ಟೇ ವ್ಯತ್ಯಾಸ. ಆಯಿ ನನ್ನ ನೆರವಿಗೆ ಬಂದಳು.

"ಪರಹೇಜ ಅಂದರ ಬಿಡೂದೇ ಇರ್ತದಲ್ರೀ ಸಾಹೇಬ್ರ. ತಿನ್ನೂ ಪರಹೇಜ ನಾವೆಲ್ಲಿ ಕಂಡೀವಿ?"

ಡಾಕ್ಟರು ನಕ್ಕರು. ಮೇಜಿನ ಮೇಲೆ ಎರಡೂ ಕೈ ಚಾಚಿ ತಕ್ಕಡಿ ಮಾಡಿದರು. "ನೋಡ್ರಿ ಆಯಿ, ಈ ಕಡಿ ನನ್ನ ಗುಳಗಿ, ಈ ಕಡಿ ನಿಮ್ಮ ಪಲ್ಯಾ. ಗುಳಗಿ ರಗತ ತೆಳ್ಳಗ ಮಾಡ್ತದ, ಪಲ್ಯಾ ಗಟ್ಟಿ ಮಾಡ್ತದ. ಯಜಮಾನ್ರು ದವಾಖಾನ್ಯಾಗ ಪಲ್ಯಾ ತಿಂತಿದ್ರು, ಅದನ್ನ ನೋಡಿ ನಾ ಗುಳಗಿ ತೂಕಾ ಮಾಡಿದ್ದೆ. ನೀವು ನಿಮ್ಮ ಕಡಿದು ಪೂರಾ ತಗದ ಬಿಟ್ರಿ. ನನ್ನ ಕಡಿ ಧಪ್ಪ ಅಂತ ಕೆಳಗ ಬಿತ್ತು." ಎಡಗೈ ಮೇಜಿಗೆ ಬಡಿಯಿತು. ಮುತ್ಯಾ ತಲೆಯಾಡಿಸಿದ. ತಕ್ಕಡಿಯ ಮಾತು ಅವನಿಗೆ ಕೂಡಲೇ ತಿಳಿಯಿತು.

ಎರಡು ದಿನ ಗುಳಿಗೆ ಬೇಡ, ಆಮೇಲೆ ಮೊದಲಿನಂತೆ, ಸೊಪ್ಪು ದಿನವೂ ಒಂದು ಬಟ್ಟಲು, ಹೆಚ್ಚಿಲ್ಲ ಕಡಿಮೆಯಿಲ್ಲ. ಹದಿನೈದು ದಿನಕ್ಕೊಂದರಂತೆ ಎರಡು ಪರೀಕ್ಷೆ, ಮೂರನೆಯದು ಒಂದು ತಿಂಗಳು ಬಿಟ್ಟು. ಮೂರು ಪರೀಕ್ಷೆ ಒಂದೇ ಸಮ ಬಂದರೆ ಸಂಕ್ರಾಂತಿಯ ಹೊತ್ತಿಗೆ ಗುಳಿಗೆ ನಿಲ್ಲಿಸಬಹುದು ಎಂದರು. ಲೆಕ್ಕ ಏರಿದರೆ ಒಳಗೆಲ್ಲಾದರೂ ರಕ್ತ ಸೋರಬಹುದು, ಇಳಿದರೆ ಹೆಪ್ಪು ಮತ್ತೆ ಬೆಳೆಯಬಹುದು. ಇದನ್ನು ಅವರು ಮುತ್ಯಾನಿಗೆ ಹೇಳುತ್ತಿದ್ದರೂ ನೋಡುತ್ತಿದ್ದದ್ದು ನನ್ನನ್ನು.

ಏಳುವ ಮುಂಚೆ ಮುತ್ಯಾ ಗಂಟಲು ಸರಿಮಾಡಿಕೊಂಡ. "ಸಾಹೇಬ್ರ, ನಡುವ ಎಳ್ಳಮಾಸಿ ಬರ್ತದ."

ಡಾಕ್ಟರಿಗೆ ವಿವರಿಸಬೇಕಾಗಲಿಲ್ಲ. ಉಮರ್ಗಾ, ನಿಲಂಗಾ, ಉದಗೀರ ಕಡೆಯವರಿಗೆ ಎಳ್ಳಮಾವಾಸ್ಯೆ ಎಂದರೆ ಏನೆಂದು ಸೊಲ್ಲಾಪುರದವರಿಗೂ ಗೊತ್ತು. ಅಂದು ಊರಲ್ಲಿ ಯಾರೂ ಇರುವುದಿಲ್ಲ. ಪೇಟೆಯ ಅಂಗಡಿಗಳೂ ಮುಚ್ಚಿರುತ್ತವೆ. ಎಲ್ಲರೂ ಹೊಲದಲ್ಲಿ. ಜೋಳದ ಸೊಪ್ಪೆಯ ಕೊಂಪೆ ಕಟ್ಟಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲಿಟ್ಟು ಪೂಜೆ ಮಾಡಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಊಟಕ್ಕೆ ಕೂರುತ್ತಾರೆ. ಊಟದ ರಾಜ ಭಜ್ಜಿ. ಮೆಂತ್ಯ, ಪಾಲಕ, ಚಕ್ಕೋತ, ಹುಣಚಿಕ್ಕ, ಕಡಲೆಯ ಕುಡಿ, ಬೆಳ್ಳುಳ್ಳಿಯ ಸೊಪ್ಪು, ಹಸಿ ತೊಗರಿ, ಹಸಿ ಅವರೆ, ಗಜ್ಜರಿ, ಆ ಚಳಿಗಾಲದಲ್ಲಿ ನೆಲ ಏನೇನು ಕೊಟ್ಟಿದೆಯೋ ಎಲ್ಲವನ್ನೂ ಒಂದೇ ಹಂಡೆಯಲ್ಲಿ ಕುದಿಸಿ ಕಡಲೆಹಿಟ್ಟು ಕೂಡಿಸಿದ್ದು. ಪಕ್ಕದ ಹೊಲದವರು ಕರೆಯುತ್ತಾರೆ, ಹೋಗಬೇಕು. ಹೋದಮೇಲೆ ಭಜ್ಜಿ ಉಣ್ಣದೆ ಎದ್ದರೆ ಆ ನೆಲಕ್ಕೆ ಬೆನ್ನು ತೋರಿಸಿದ ಹಾಗೆ. ನಮ್ಮ ಹೊಲ ಸೇರಿ ಏಳು ಹೊಲಗಳಲ್ಲಿ ಉಣ್ಣುವುದು ಮುತ್ಯಾ ತನ್ನ ಅಪ್ಪನ ಕಾಲದಿಂದ ನಡೆಸಿಕೊಂಡು ಬಂದದ್ದು. ಒಂದು ವರ್ಷವೂ ತಪ್ಪಿಸಿರಲಿಲ್ಲ.

"ಒಂದ ಬಟ್ಟಲ ಯಜಮಾನ್ರ" ಎಂದರು ಡಾಕ್ಟರು. "ಏಳ ಹೊಲಕ್ಕ ಹೋಗ್ರಿ, ಎಪ್ಪತ್ತ ಹೊಲಕ್ಕ ಹೋಗ್ರಿ. ಬಟ್ಟಲ ಮಾತ್ರ ಒಂದೇ."

ಬಸ್ಸಿನಲ್ಲಿ ಮುತ್ಯಾ ನನ್ನ ಕಡೆ ತಿರುಗಿ ಕೇಳಿದ: "ಯಾವ ಬಟ್ಟಲ?"

ಅದು ಒಳ್ಳೆಯ ಪ್ರಶ್ನೆ. ಮನೆಯಲ್ಲಿ ಹನ್ನೊಂದು ಬಟ್ಟಲುಗಳಿದ್ದವು, ಒಂದರ ಹಾಗೆ ಇನ್ನೊಂದಿರಲಿಲ್ಲ. ಮುತ್ಯಾ ಬಕೆಟ್ಟಿನಷ್ಟು ದೊಡ್ಡದನ್ನು ಆರಿಸಿದ, ಆಯಿ ಅದನ್ನು ಕಸಿದಿಟ್ಟಳು. ಕೊನೆಗೆ ನಾನು ಅಂಚು ಸಮನಾಗಿದ್ದ ಒಂದು ಹಿತ್ತಾಳೆಯ ಬಟ್ಟಲು ತೆಗೆದುಕೊಂಡೆ. ಬೇಯಿಸಿ ನೀರು ಬಸಿದ ಸೊಪ್ಪನ್ನು ಒತ್ತದೆ ತುಂಬಿ, ರೊಟ್ಟಿಯ ಅಂಚಿನಿಂದ ಮೇಲೆ ಸಮ ಮಾಡುವುದು. ಇದೇ ಕ್ರಮ, ದಿನವೂ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನನಗೆ ಇಷ್ಟವಾಗುತ್ತಿದ್ದದ್ದು ಇಂಥದ್ದೇ. ಗುಳಿಗೆ ಕೊಟ್ಟ ಹೊತ್ತು, ಸೊಪ್ಪಿನ ಹೆಸರು, ಹಲ್ಲುಜ್ಜುವಾಗ ರಕ್ತ ಬಂತೋ ಇಲ್ಲವೋ, ಎಲ್ಲವನ್ನೂ ಒಂದು ವಹಿಯಲ್ಲಿ ಬರೆದೆ.

"ಇದು ಊಟ ಅಲ್ಲ ಮಗಳಾ, ನೌಕರಿ" ಎನ್ನುತ್ತಿದ್ದ ಮುತ್ಯಾ. "ದಿನಾ ಹಾಜರ ಆಗಬೇಕು, ರಜಾ ಇಲ್ಲ."

"ನೌಕರಿ ಆದರ ಪಿಂಚಣಿನೂ ಬರ್ತದ, ಸುಮ್ಮನ ಉಣ್ರಿ" ಎಂದಳು ಆಯಿ.

ಮೊದಲ ಪರೀಕ್ಷೆ ಸರಿಯಾಗಿ ಬಂತು. ಎರಡನೆಯದೂ ಬಂತು. ನನಗೆ ಸ್ವಲ್ಪ ಗರ್ವವಾಯಿತು, ಯಾರಿಗೂ ತೋರಿಸಲಿಲ್ಲ.

ಎಳ್ಳಮಾವಾಸ್ಯೆಗೆ ಎಂಟು ದಿನವಿದ್ದಾಗ ಮುತ್ಯಾನ ಮುಂಗೈ ಮೇಲೆ ಅಂಗೈಯಗಲದ ನೀಲಿ ಕಲೆ ಕಂಡಿತು. ಬಾಗಿಲ ಚೌಕಟ್ಟಿಗೆ ತಾಗಿತು ಎಂದ. ಚೌಕಟ್ಟಿಗೆ ಅಷ್ಟು ತಾಗಿದರೆ ಅಷ್ಟು ದೊಡ್ಡ ಕಲೆ ಆಗಬಾರದು. ಮರುದಿನ ಮೊಣಕೈ ಹತ್ತಿರ ಇನ್ನೊಂದು. ವಹಿ ತೆಗೆದು ನೋಡಿದೆ. ಗುಳಿಗೆ ತಪ್ಪಿರಲಿಲ್ಲ, ಬಟ್ಟಲು ತಪ್ಪಿರಲಿಲ್ಲ. ವಹಿ ನೆಟ್ಟಗಿತ್ತು, ಕೈ ಮಾತ್ರ ನೀಲಿ. ಏನೋ ಒಂದು ನನ್ನ ವಹಿಗೆ ಸಿಗದೆ ಒಳಗೆ ಹೋಗುತ್ತಿತ್ತು.

ಅದು ಸಿಕ್ಕಿದ್ದು ಆಯಿಗೆ. ಒಗೆಯಲು ಹಾಕುವ ಮುಂಚೆ ಮುತ್ಯಾನ ಅಂಗಿ ಝಾಡಿಸಿದಳು, ಕಿಸೆಯಿಂದ ನಾಲ್ಕು ಚಿಕ್ಕ ಕಾಗದದ ಪೊಟ್ಟಣಗಳು ಉದುರಿದವು, ಖಾಲಿ. ಎತ್ತಿಕೊಂಡು ಓದಿದೆ. ತಲೆನೋವು ಮೈನೋವಿನ ಪುಡಿ. ಅದರಲ್ಲಿರುವ ವಸ್ತುವಿನ ಹೆಸರನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿದ್ದರು. ಅದೇ ವಸ್ತುವನ್ನು ಕಾಲೇಜಿನ ಕೊನೆಯ ವರ್ಷದಲ್ಲಿ ನನ್ನ ಕೈಯಾರೆ ತಯಾರಿಸಿ, ಹರಳುಗಳು ಚೆನ್ನಾಗಿ ಬಂದಿವೆ ಎಂದು ಹೊಗಳಿಸಿಕೊಂಡಿದ್ದೆ. ರಕ್ತ ತೆಳ್ಳಗಾಗಿಸುವ ಗುಳಿಗೆಯ ಜೊತೆ ಅದು ಸೇರಿದರೆ ರಕ್ತ ನಿಲ್ಲುವುದಕ್ಕಿರುವ ಇನ್ನೊಂದು ದಾರಿಯೂ ಮುಚ್ಚುತ್ತದೆ. ಹಾಳೆಯ ಎರಡನೆಯ ಸಾಲು. ಮೊದಲ ಸಾಲಿನ ಗದ್ದಲದಲ್ಲಿ ಎಲ್ಲರೂ ಅದನ್ನು ಮರೆತಿದ್ದೆವು.

"ಮುತ್ಯಾ, ಇದು ಎಲ್ಲಿಂದ ಬಂತು?"

"ಅದು ಔಷಧಾ ಅಲ್ಲ ತಾಯಿ, ಪುಡಿ. ಚಹಾದ ಜೋಡಿ ತಗೋತಾರ. ಭುಜಾ ಹಿಡದಿತ್ತು, ದೋಸ್ತ ಕೊಟ್ಟಾನ."

ದೋಸ್ತ ಎಂದರೆ ಉಮರ್ಗಾದ ಕಿರಾಣಿ ಅಂಗಡಿಯ ಸಾವ್ಕಾರ. ಇಬ್ಬರೂ ಚಿಕ್ಕಂದಿನ ಗೆಳೆಯರು. ಮುತ್ಯಾನಿಗೆ ಕಾಲು ಮುರಿದಾಗಿನಿಂದ ಸಾವ್ಕಾರ ವಾರಕ್ಕೆರಡು ಸಲ ದಾಳಿಂಬಕ್ಕೆ ಬಂದು ಹಾಸಿಗೆಯ ಪಕ್ಕ ಕೂತು ಹೋಗುತ್ತಿದ್ದ. ಬರಿಗೈಯಲ್ಲಿ ಬರುವ ಮನುಷ್ಯನಲ್ಲ.

ಅಪ್ಪನನ್ನು ಕಳಿಸಬಹುದಿತ್ತು. ಆದರೆ ಮೊದಲ ತಪ್ಪು ನನ್ನದಾಗಿತ್ತು, ಇದನ್ನು ಬೇರೆಯವರಿಗೆ ಒಪ್ಪಿಸುವುದು ಸರಿಯೆನಿಸಲಿಲ್ಲ. ಮರುದಿನ ಕಾಕಾನ ಜೊತೆ ಉಮರ್ಗಾಕ್ಕೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ಪರಸ್ಥಳದಲ್ಲಿ, ಗಂಡಸರ ಮುಂದೆ, ಹೆಚ್ಚು ಮಾತಾಡಿದವಳಲ್ಲ. ಖಾಲಿ ಪೊಟ್ಟಣಗಳನ್ನು ತಕ್ಕಡಿಯ ಪರಡಿಯಲ್ಲಿಟ್ಟೆ.

"ಬಾ ತಂಗಿ, ಕೂಡು. ದೋಸ್ತ ಹ್ಯಾಂಗಿದ್ದಾನ?" ಎಂದ ಸಾವ್ಕಾರ, ಆಮೇಲೆ ಪರಡಿ ನೋಡಿದ. "ಇವು ಮುಗದವೇನ? ಇನ್ನ ನಾಕ ಒಯ್ಯಿ."

"ಒಯ್ಲಾಕ ಬಂದಿಲ್ರಿ. ನಿಲ್ಲಿಸ್ಲಾಕ ಬಂದೀನಿ."

ಹೇಳಿದೆ. ಗುಳಿಗೆ, ಡಾಕ್ಟರ ತಕ್ಕಡಿ, ಒಂದು ಬಟ್ಟಲು, ಪುಡಿ, ನೀಲಿ ಕಲೆ. ಸಾವ್ಕಾರ ಮೊದಲು ನಕ್ಕ. "ಏ ತಂಗಿ, ನಮ್ಮಪ್ಪನ ಕಾಲದಿಂದ ನೋವಿಗಿ ಪುಡಿ ಕೊಡ್ಲಾಕತ್ತೀವಿ. ಇದನ್ನ ತಿಂದು ಯಾರೂ ಸತ್ತಿಲ್ಲ."

"ಸತ್ತಿಲ್ಲ, ಖರೇ. ಆದರ ಅವರ್ಯಾರೂ ಮುತ್ಯಾನ ಗುಳಗಿ ತಗೋತಿರಲಿಲ್ಲಲ್ರಿ."

ಗಿರಾಕಿಯೊಬ್ಬ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಸಾವ್ಕಾರ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. ಒರೆಸುತ್ತಲೇ ಇದ್ದ.

"ಅಂದರ ನಾ ನನ್ನ ದೋಸ್ತಗೇ..."

"ನಿಮಗ ಗೊತ್ತಿರಲಿಲ್ರಿ. ನನಗ ಗೊತ್ತಿತ್ತು, ಮನ್ಯಾಗ ಸರಿಯಾಗಿ ಹೇಳಿರಲಿಲ್ಲ. ತಪ್ಪು ನಂದು ಜಾಸ್ತಿ ಅದ."

ಅವನು ಎದ್ದು ಪುಡಿಯ ಡಬ್ಬಿಯನ್ನು ಕೈಗೆ ಸಿಗದ ಮೇಲಿನ ಹಲಗೆಗೆ ಏರಿಸಿದ. ಆಮೇಲೆ ತಿಳಿದದ್ದು, ಅಂದಿನಿಂದ ಪುಡಿ ಕೇಳಿದ ಪ್ರತಿಯೊಬ್ಬರಿಗೂ "ರಗತದ ಗುಳಗಿ ತಗೋತಿಯೇನ?" ಎಂದು ಕೇಳಿಯೇ ಏಣಿ ಹತ್ತುತ್ತಿದ್ದನಂತೆ. ಉಮರ್ಗಾದಲ್ಲಿ ಆಗ ಆ ಗುಳಿಗೆ ತೆಗೆದುಕೊಳ್ಳುತ್ತಿದ್ದವನು ಮುತ್ಯಾ ಒಬ್ಬನೇ ಇದ್ದಿರಬೇಕು.

"ಎಳ್ಳಮಾಸಿಗಿ ನಾ ಬರ್ತೀನಿ" ಎಂದ ಸಾವ್ಕಾರ. "ಅಂವನ ಕಾವಲ ನಂದು. ಒಂದ ಬಟ್ಟಲ ಅಂದ್ಯಲ್ಲ, ಬಟ್ಟಲಕ್ಕ ಚಮಚಾ ಎಷ್ಟು?"

ಮನೆಗೆ ಬಂದು ಅಳೆದೆ. ಅವ್ವನ ಒಗ್ಗರಣೆಯ ಚಮಚೆಯಿಂದ ಸಮವಾಗಿ ಏಳು. ಏಳು ಹೊಲಕ್ಕೆ ಏಳು ಚಮಚೆ. ಇದು ಹೀಗೆ ಕೂಡಿಬಂದದ್ದಕ್ಕೆ ನಾನು ಏನೂ ಮಾಡಿರಲಿಲ್ಲ. ಆದರೂ ವಹಿಯಲ್ಲಿ ಬರೆದುಕೊಂಡೆ. ಪುಡಿ ನಿಂತ ಮೇಲೆ ಹೊಸ ಕಲೆ ಏಳಲಿಲ್ಲ, ಹಳೆಯವು ಹಸಿರಾಗಿ, ಹಳದಿಯಾಗಿ ಇಳಿಯುತ್ತ ಬಂದವು.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಮುತ್ಯಾ ಬಂಡಿಯಲ್ಲಿ ಕಾಲು ಚಾಚಿ ಕೂತು ಹೊಲಕ್ಕೆ ಬಂದ. ಸಾವ್ಕಾರ ಮುಂದೆ, ಕೋಟಿನ ಕಿಸೆಯಲ್ಲಿ ಚಮಚೆ. ಬಟ್ಟಲು ನನ್ನ ಕೈಯಲ್ಲಿ. ಮುತ್ಯಾ ಕೋಲೂರಿ ನಿಂತು ತಾನೇ ಚರಗ ಚೆಲ್ಲಿದ. ಜೋಳ ಎದೆಯುದ್ದ ನಿಂತಿತ್ತು, ಕಡಲೆಯಲ್ಲಿ ಹೂವಿತ್ತು. ಹೆಚ್ಚುಕಡಿಮೆ ನಾಲ್ಕು ತಿಂಗಳ ಮೇಲೆ ತನ್ನ ನೆಲದ ಮೇಲೆ ಕಾಲಿಟ್ಟವನ ಮುಖ ನೋಡಬೇಕಿತ್ತು. ಆಯಿ ನೋಡಲಿಲ್ಲ. ಕಣ್ಣಿಗೆ ಹೊಗೆ ಬಂತೆಂದು ಒಲೆಯ ಕಡೆ ತಿರುಗಿದ್ದಳು. ಒಲೆ ಆಗಲೇ ಆರಿತ್ತು.

ಊಟಕ್ಕೆ ಕೂತಾಗ ಮೊದಲ ಜಗಳ ಅವಳದೇ.

"ನಂದೂ ಒಂದೇ ಚಮಚಾ?"

"ನಿಮ್ಮದೂ ಒಂದೇ ವೈನಿ" ಎಂದ ಸಾವ್ಕಾರ, ಚಮಚೆಯ ಮೇಲೆ ಬೆರಳಾಡಿಸಿ ಸಮ ಮಾಡುತ್ತ.

"ಐವತ್ತ ವರ್ಷ ಸಂಸಾರ ಮಾಡಿದಕಿಗಿ ಒಂದ ಚಮಚಾ, ನೆರಿಮನಿಯಾಕಿಗೂ ಒಂದ ಚಮಚಾ. ಛಲೋ ನ್ಯಾಯ ಮಾಡಿದ್ರಿ."

ಮುತ್ಯಾ ಬಟ್ಟಲಿಗೆ ಬಿದ್ದ ಆ ಒಂದು ಚಮಚೆಯನ್ನು ಸಜ್ಜೆಯ ರೊಟ್ಟಿಯ ನಾಲ್ಕು ತುತ್ತಿಗೆ ಹಂಚಿಕೊಂಡು ಕಣ್ಣು ಮುಚ್ಚಿ ತಿಂದ. "ಒಂದು" ಎಂದ ಸಾವ್ಕಾರ ಗಟ್ಟಿಯಾಗಿ. ಹೀಗೆ ಎರಡಾಯಿತು, ಮೂರಾಯಿತು. ಹೊಲದಿಂದ ಹೊಲಕ್ಕೆ ಬಂಡಿ, ಬದುವಿನಿಂದ ಕೊಂಪೆಗೆ ಕೋಲು. ಪ್ರತಿ ಹೊಲದಲ್ಲೂ ಸಾವ್ಕಾರ ತಕ್ಕಡಿಯ ಕಥೆಯನ್ನು ಮೊದಲಿನಿಂದ ಹೇಳಿದ, ಪ್ರತಿ ಸಲವೂ ಅದು ಸ್ವಲ್ಪ ಬೆಳೆಯಿತು. ಐದನೆಯ ಹೊಲದಲ್ಲಿ ಡಾಕ್ಟರು ವಿಲಾಯತಿಗೆ ಹೋಗಿ ಬಂದವರಾಗಿದ್ದರು. ಭಜ್ಜಿಯಲ್ಲಿ ಕಳೆದದ್ದನ್ನು ಮುತ್ಯಾ ಅಂಬಲಿಯಲ್ಲಿ ತುಂಬಿಕೊಳ್ಳುತ್ತಿದ್ದ. ಹಾಳೆಯಲ್ಲಿ ಅಂಬಲಿಯ ಹೆಸರಿಲ್ಲವೆಂದು ಅವನಿಗೆ ಚೆನ್ನಾಗಿ ನೆನಪಿತ್ತು.

ಆರನೆಯ ಹೊಲ ಮರಾಠಾ ಕುಟುಂಬದ್ದು. ಅಲ್ಲಿಯ ಹಿರಿಯಳನ್ನು ನಾವೆಲ್ಲ ಕಾಕೂ ಎನ್ನುತ್ತಿದ್ದೆವು. ಅವಳು ಸಾವ್ಕಾರನ ಕೈಯ ಚಮಚೆ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಅಹೋ, ಹೇ ಕಾಯ್? ಮೀ ಕಾಯ್ ಔಷಧ್ ದೇತೇ ಕಾ?"

ಚಮಚೆಯಲ್ಲಿ ಕೊಡಲು ನನ್ನದೇನು ಔಷಧವೇ ಎಂದು ಕೇಳಿ, ಸಾವ್ಕಾರ ಕಥೆ ಶುರುಮಾಡುವ ಮುಂಚೆಯೇ, ದೊಡ್ಡ ಸೌಟಿನಿಂದ ಮುತ್ಯಾನ ಬಟ್ಟಲಿಗೆ ಸುರಿದುಬಿಟ್ಟಳು. ಬಟ್ಟಲು ತುಂಬಿ ಅಂಚಿನ ಮೇಲೆ ಗೋಪುರವಾಯಿತು.

ಸಾವ್ಕಾರ ಚಮಚೆ ಅಡ್ಡ ಹಿಡಿಯುವಷ್ಟರಲ್ಲಿ ತಡವಾಗಿತ್ತು. ಬಡಿಸಿದ್ದನ್ನು ಹಂಡೆಗೆ ಮರಳಿ ಹಾಕುವಂತಿಲ್ಲ, ಎಂಜಲ ಬಟ್ಟಲು. ಚೆಲ್ಲುವಂತಂತೂ ಇಲ್ಲವೇ ಇಲ್ಲ, ಆ ದಿನ, ಆ ಹೊಲದಲ್ಲಿ. ಬಿಟ್ಟು ಎದ್ದರೆ ಕಾಕೂಗೆ ವರ್ಷವಿಡೀ ಹೇಳಿಕೊಳ್ಳಲು ಮಾತಾಗುತ್ತದೆ. ತಿಂದರೆ ಒಂದೂವರೆ ತಿಂಗಳು ಅಳೆದಿಟ್ಟ ತಕ್ಕಡಿ ಧಪ್ಪೆಂದು ಬೀಳುತ್ತದೆ. ಮುತ್ಯಾ ಬಟ್ಟಲು ನೋಡಿದ, ಕಾಕೂನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಆಸೆ ಇರಲಿಲ್ಲ ಎಂದು ಹೇಳಲಾರೆ.

ನಾನು ಕೈಯಲ್ಲಿದ್ದ ರೊಟ್ಟಿಯನ್ನು ಮುಂದೆ ಚಾಚಿದೆ.

"ಒಂದ ಚಮಚಾ ನೀ ಇಟ್ಕೋ ಮುತ್ಯಾ. ಉಳದದ್ದು ನನಗ ಹಾಕು."

ನನಗೆ ಸೊಪ್ಪೆಂದರೆ ಆಗದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಅವ್ವ "ಅಯ್ಯ" ಎಂದಳು. ಮುತ್ಯಾ ನಿಧಾನವಾಗಿ ಬಟ್ಟಲು ಬಗ್ಗಿಸಿದ, ಚಮಚೆಯಷ್ಟು ಉಳಿಸಿಕೊಂಡು ಉಳಿದದ್ದನ್ನೆಲ್ಲ ನನ್ನ ರೊಟ್ಟಿಯ ಮೇಲೆ ಇಳಿಸಿದ. ಆರಿಸಿ ಸಾಲಾಗಿಡಲು ಅಂಚಿರುವ ತಟ್ಟೆ ಇರಲಿಲ್ಲ. ತಿಂದೆ. ಹುಣಚಿಕ್ಕದ ಹುಳಿ, ಹಸಿ ತೊಗರಿಯ ಸಿಹಿ, ಮೆಂತ್ಯದ ಕಹಿ ಎಲ್ಲೋ ಹಿಂದೆ. ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ, ಆದರೆ ಅದನ್ನು ಆಗ ಹೇಳುವ ಅವಶ್ಯಕತೆ ಕಾಣಲಿಲ್ಲ. ಓದಿದ ಹುಡುಗಿ ತನ್ನ ಭಜ್ಜಿಗಾಗಿ ಕೈಚಾಚಿದಳೆಂದು ಕಾಕೂ ಅರಳಿದಳು, ಇನ್ನೊಂದು ಸೌಟು ಹಾಕಿದಳು, ನೇರ ನನಗೇ.

"ಆರು" ಎಂದ ಸಾವ್ಕಾರ, ಚಮಚೆಯನ್ನು ಕಿಸೆಗೆ ಹಾಕುತ್ತ.

ಸುದ್ದಿ ನಮಗಿಂತ ಮುಂಚೆ ಏಳನೆಯ ಹೊಲ ಮುಟ್ಟಿತ್ತು. ಅಲ್ಲಿ ಮುತ್ಯಾನಿಗೆ ಒಂದು ಚಮಚೆ, ನನಗೆ ಒಂದು ಬೋಗುಣಿ ತಯಾರಿತ್ತು.

ಮರುದಿನ ನನಗೆ ಹಾಳೆಯ ನಾಲ್ಕನೆಯ ಸಾಲಿನ ಚಿಂತೆ. ಏಳು ಹೊಲದ ಅಂಬಲಿ ಕುಡಿದವನಿಗೆ ಭೇದಿ ಹತ್ತಿದರೆ ಗುಳಿಗೆಯ ಬಲ ಏರುತ್ತದೆ. ಆದರೆ ಇಂಥದ್ದನ್ನು ಮುತ್ಯಾನಿಗೆ ಕೇಳುವುದು ಹೇಗೆ? ಆಯಿಗೆ ಕೇಳಿದೆ, ಅದೂ ಸುತ್ತಿಬಳಸಿ. "ಅವರಿಗೇನಾಗ್ಯಾದ, ಗುಂಡಕಲ್ಲ ಇದ್ದಂಗ ಇದ್ದಾರ" ಎಂದಳು. "ನೀ ಯಾಕ ಮುಂಜಾನಿಂದ ನಾಕ ಸಲ ಹಿತ್ತಲಿಗಿ ಹೋದಿ?"

ಹೊಟ್ಟೆ ಕೆಟ್ಟದ್ದು ನನ್ನದು. ಇದನ್ನು ವಹಿಯಲ್ಲಿ ಬರೆಯಲಿಲ್ಲ.

ಸಂಕ್ರಾಂತಿಗೆ ಐದು ದಿನವಿದ್ದಾಗ ಮೂರನೆಯ ಪರೀಕ್ಷೆ. ನಳಿಗೆ, ದ್ರವ, ಗಡಿಯಾರ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹಿಂದಿನ ಸಲದ ಲೆಕ್ಕ ಹತ್ತಿರ ಬಂತು. ಎಣಿಸುವವರು ಗಡಿಯಾರ ಒತ್ತಿದರು. ಎರಡು ಪಟ್ಟು, ಹಿಂದಿನ ಸಲದ ಹಾಗೆಯೇ.

ಡಾಕ್ಟರು ಚೀಟಿ ನೋಡಿ ಹುಬ್ಬೇರಿಸಿದರು. "ಎಳ್ಳಮಾಸಿಗಿ ಹೊಲಕ್ಕ ಹೋಗಲಿಲ್ಲೇನು ಯಜಮಾನ್ರ?"

"ಹೋಗಿದ್ದೆನಲ್ರಿ. ಏಳೂ ಹೊಲದಾಗ ಭಜ್ಜಿ ಉಂಡೀನಿ."

ಡಾಕ್ಟರು ನನ್ನನ್ನು ನೋಡಿದರು. ಏಳು ಚಮಚೆಯ ವಿಷಯ ಹೇಳಿದೆ. ಪುಡಿಯ ವಿಷಯವನ್ನೂ ಹೇಳಿದೆ, ಮರೆಮಾಚಲಿಲ್ಲ. ಆರನೆಯ ಹೊಲದ ವಿಷಯವನ್ನು ನಾನು ಬಿಟ್ಟೆ, ಮುತ್ಯಾ ಹೇಳಿದ, ಬೇಕಾದ್ದಕ್ಕಿಂತ ಹೆಚ್ಚು ವಿವರವಾಗಿ. ಅವರು ಕಾಲು ಒತ್ತಿ ನೋಡಿದರು, ಎರಡೂ ಕಾಲುಗಳ ಸುತ್ತಳತೆ ತೆಗೆದರು. ಆಮೇಲೆ ಶೀಶೆ ಇಸಿದುಕೊಂಡು ತಮ್ಮ ಮೇಜಿನ ಖಾನೆಯೊಳಗಿಟ್ಟರು.

"ಸಾಕು" ಎಂದರು.

ಮುತ್ಯಾನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಯಿಗೆ ಬೇಕಾಗಲಿಲ್ಲ. ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡು ತಂದಿದ್ದ ಎಳ್ಳುಬೆಲ್ಲವನ್ನು ಡಾಕ್ಟರ ಮೇಜಿನ ಮೇಲೆ ಬಿಚ್ಚಿದಳು. ಸಂಕ್ರಾಂತಿಗೆ ಇನ್ನೂ ಐದು ದಿನವಿದೆಯಲ್ಲ ಎಂದರೆ, "ಇವತ್ತೇ ಬಂತು ತಗೋರಿ" ಎಂದಳು.

ಮರುದಿನ ಮಧ್ಯಾಹ್ನ ಆಯಿ ಮೆಂತ್ಯದ ಪಲ್ಯವನ್ನು ಪಾತ್ರೆಯ ಸಮೇತ ಮುತ್ಯಾನ ಮುಂದೆ ತಂದಿಟ್ಟಳು. "ಎಷ್ಟ ಬೇಕೋ ಅಷ್ಟು ಉಣ್ರಿ ಈಗ. ಯಾರೂ ಅಳಿಯಂಗಿಲ್ಲ." ಮುತ್ಯಾ ಹಿತ್ತಾಳೆಯ ಬಟ್ಟಲನ್ನು ಕೇಳಿ ತರಿಸಿಕೊಂಡ. ಒತ್ತದೆ ತುಂಬಿದ, ರೊಟ್ಟಿಯ ಅಂಚಿನಿಂದ ಮೇಲೆ ಸಮ ಮಾಡಿದ, ನಾನು ಮಾಡುತ್ತಿದ್ದ ಹಾಗೆಯೇ, ಕಣ್ಣು ಕಿರಿದು ಮಾಡಿಕೊಂಡು. ಆಮೇಲೆ ಅದನ್ನು ನೆಲದ ಮೇಲೆ ಜಾರಿಸಿ ನನ್ನ ತಟ್ಟೆಯ ಪಕ್ಕಕ್ಕೆ ತಂದಿಟ್ಟ.

"ನನ್ನ ಪಿಂಚಣಿ ಶುರುವಾಯ್ತು" ಎಂದ. "ಇನ್ನ ನೀ ನೌಕರಿಗಿ ಹಾಜರ ಆಗು."

ನಾನು ಆಯಿಯ ಕಡೆ ನೋಡಿದೆ. ಅಲ್ಲಿಂದ ನೆರವು ಬರುವ ಲಕ್ಷಣ ಕಾಣಲಿಲ್ಲ. ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟೆ. ಮುತ್ಯಾ ಸಾವ್ಕಾರನ ದನಿ ತೆಗೆದು ಗಟ್ಟಿಯಾಗಿ ಎಣಿಸಿದ: "ಒಂದು."